ದೊರೆಗೆ ನೂರು, ರಾಣಿಗೆ ಸೊನ್ನೆ

ಮಣಿಹಳ್ಳದ ದೊರೆ ಉದ್ದಂಡರಾಯನಿಗೆ ಚಿಲ್ಲರೆ ಅಂಕಿ ಕಂಡರೆ ಮೈಯೆಲ್ಲ ಉರಿ. "ಮೂವತ್ತೇಳು, ಅರವತ್ತೆರಡು ಅಂತ ಬಾಯಿ ನೋಯಿಸಿಕೊಳ್ಳೋಕೆ ನಾನೇನು ಸಂತೆಯ ದಲ್ಲಾಳಿಯೇ? ನನ್ನ ರಾಜ್ಯದಲ್ಲಿ ಇನ್ನು ಮೇಲೆ ಎಲ್ಲ ದುಂಡು ಲೆಕ್ಕ!" ಎಂದು ಸಭೆಯಲ್ಲಿ ಮೀಸೆ ತಿರುವಿದ.

ಲೆಕ್ಕದ ಕ್ರಮವನ್ನೂ ತಾನೇ ಕಂಡುಹಿಡಿದ, ಪುಣ್ಯಾತ್ಮ. ಯಾವ ಅಂಕಿಯೇ ಇರಲಿ, ಮೊದಲು ಹತ್ತಕ್ಕೆ ದುಂಡು ಮಾಡಬೇಕು. ಬಿಡಿಯಲ್ಲಿ ಐದೋ ಅದಕ್ಕಿಂತ ಮೇಲೋ ಇದ್ದರೆ ಮುಂದಿನ ಹತ್ತು, ಕಮ್ಮಿಯಿದ್ದರೆ ಹಿಂದಿನ ಹತ್ತು. ಬಂದದ್ದನ್ನು ಮತ್ತೆ ನೂರಕ್ಕೆ ದುಂಡು ಮಾಡಬೇಕು. ಐವತ್ತು ಮುಟ್ಟಿದರೆ ನೂರು, ಇಲ್ಲವಾದರೆ ಸೊನ್ನೆ. ಸಭೆ ಭಲೇ ಭಲೇ ಅಂದಿತು. ಅನ್ನದೆ ಇನ್ನೇನು ಮಾಡೀತು, ಊಟ ಅರಮನೆಯದಲ್ಲವೇ?

ಊರಿನಲ್ಲಿ ಕೆರೆಯ ನೀರು ಬಿಡುತ್ತಿದ್ದದ್ದು ಕೇರಿಯ ಮನೆಗಳ ಲೆಕ್ಕದ ಮೇಲೆ. ನೇಕಾರರ ಕೇರಿಯಲ್ಲಿ ನಲವತ್ತೈದು ಮನೆ. ಅದು ಐವತ್ತಾಯಿತು, ಐವತ್ತು ನೂರಾಯಿತು. ನೀರು ಮಗ್ಗದ ಗುಂಡಿಗೇ ನುಗ್ಗಿತು. ಕುಂಬಾರರ ಕೇರಿಯಲ್ಲಿ ನಲವತ್ತನಾಲ್ಕು. ಅದು ನಲವತ್ತಾಯಿತು, ನಲವತ್ತು ಸೊನ್ನೆಯಾಯಿತು, ತೂಬು ಮುಚ್ಚಿತು.

ಕುಂಬಾರರ ಹಿರಿಯಳು ಗಿರಿಜವ್ವ ಬರಿಗೊಡ ಹೊತ್ತು ಸಭೆಗೆ ಬಂದಳು. "ಬುದ್ಧೀ, ಮಡಕೆ ಮಾಡೋದಿರಲಿ, ಮಕ್ಕಳಿಗೆ ಕುಡಿಯೋಕೂ ಹನಿ ನೀರಿಲ್ಲ."

"ಲೆಕ್ಕದ ಪ್ರಕಾರ ನೀವು ಯಾರೂ ಇಲ್ಲವೇ ಇಲ್ಲ. ಇಲ್ಲದವರಿಗೆ ಬಾಯಾರಿಕೆ ಎಲ್ಲಿಂದ ಬಂತು?" ದೊರೆ ತನ್ನ ಮಾತಿಗೆ ತಾನೇ ನಕ್ಕ. "ಹೋಗು, ಇನ್ನೊಂದು ಮನೆ ಕಟ್ಟಿಕೊಳ್ಳಿ. ನೂರಾಗುತ್ತೀರಿ."

"ಗೋಡೆಗೆ ಮಣ್ಣು ಕಲಸೋಕೂ ನೀರು ಬೇಕಲ್ಲ ಬುದ್ಧೀ!"

ದೊರೆಯ ಪಕ್ಕದಲ್ಲಿದ್ದ ವಿದೂಷಕ ಸಂಕಣ್ಣ ಆ ಬರಿಗೊಡವನ್ನೇ ನೋಡಿದ. ಅವನ ಮನೆಯ ಅನ್ನ ಬೇಯುತ್ತಿದ್ದದ್ದು ಆ ಕೇರಿಯ ಮಡಕೆಯಲ್ಲೇ. ಸಿಟ್ಟು ನುಂಗಿಕೊಂಡು ಕೈಮುಗಿದ. "ಆಹಾ, ಎಂಥ ಲೆಕ್ಕ ಪ್ರಭು! ಇದು ಅರಮನೆಗೂ ಉಂಟೇ?"

"ಅರಮನೆಗೇನು ಬೇರೆ ಲೆಕ್ಕವೇ? ಎಲ್ಲರಿಗೂ ಒಂದೇ!"

"ಹಾಗಾದರೆ ನಾಳೆ ನಿಮ್ಮ ಹುಟ್ಟುಹಬ್ಬದ ಏರ್ಪಾಡು ನನಗೆ ಬಿಡಿ. ಲೆಕ್ಕ ಒಂದಿಷ್ಟೂ ತಪ್ಪದ ಹಾಗೆ ನಡೆಸಿಕೊಡುತ್ತೇನೆ."

ಮರುದಿನ ದೊರೆಗೆ ನಲವತ್ತೈದು ತುಂಬಿತು. ಹೋಳಿಗೆಯ ಆಸೆಯಿಂದ ಮಣೆಯ ಮೇಲೆ ಕೂತವನ ಮುಂದೆ ಬಂದದ್ದು ತೆಳ್ಳನೆಯ ರಾಗಿಗಂಜಿ, ಜೊತೆಗೊಂದು ಊರುಗೋಲು. ರಾಣಿ ಚೆನ್ನಾಜಮ್ಮನ ಮಣೆ ಇರಬೇಕಾದ ಕಡೆ ತೊಟ್ಟಿಲು ತೂಗಾಡುತ್ತಿತ್ತು, ಒಳಗೊಂದು ಗಿಲಕಿ.

"ಏನೋ ಇದು ಸಂಕಣ್ಣ!"

"ನಿಮಗೆ ನೂರು ತುಂಬಿತಲ್ಲ ಪ್ರಭು. ಈ ವಯಸ್ಸಿಗೆ ಹೋಳಿಗೆ ಅಗಿಯಲು ಹಲ್ಲೆಲ್ಲಿ? ಇನ್ನು ರಾಣಿಯಮ್ಮನವರಿಗೆ ನಲವತ್ತನಾಲ್ಕು, ಅಂದರೆ ಸೊನ್ನೆ. ತೊಟ್ಟಿಲು ಹತ್ತಿ ತಾಯಿ, ಜೋಗುಳ ಹಾಡುವವರು ಆಗಲೇ ಬಂದು ಕಾದಿದ್ದಾರೆ."

ರಾಣಿ ಗಿಲಕಿಯನ್ನು ತೆಗೆದು ದೊರೆಯತ್ತ ಎಸೆದಳು. "ಕಣ್ಣೆದುರಿಗೆ ನಿಂತಿದ್ದೇನೆ, ನಾನು ಸೊನ್ನೆಯೇ?"

"ಛೆ ಛೆ, ನಿನ್ನನ್ನು ಯಾರು ಸೊನ್ನೆ ಅಂದರು?"

"ನೀವೇ ಪ್ರಭು," ಎಂದ ಸಂಕಣ್ಣ. "ನಿನ್ನೆ ಗಿರಿಜವ್ವನೂ ಕಣ್ಣೆದುರಿಗೇ ನಿಂತಿದ್ದಳು."

ದೊರೆ ಗಂಜಿ ನೋಡಿದ, ತೊಟ್ಟಿಲು ನೋಡಿದ. ರಾಣಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಆಮೇಲೆ ಗೊಳ್ಳೆಂದು ನಕ್ಕುಬಿಟ್ಟ. "ಸೋತೆ ಮಾರಾಯ! ತೂಬು ಈಗಲೇ ತೆಗೆಸು. ಇನ್ನು ಮನೆಗಳನ್ನು ಒಂದೊಂದಾಗಿ ಎಣಿಸಿಯೇ ನೀರು ಬಿಡಲಿ. ದುಂಡು ಲೆಕ್ಕ ಇವತ್ತಿಗೆ ಮುಗಿಯಿತು. ಆ ಹೋಳಿಗೆ ಎಲ್ಲಿ ಬಚ್ಚಿಟ್ಟಿದ್ದೀಯೋ ತೆಗೆದುಕೊಂಡು ಬಾ, ಅರ್ಧ ನಿನಗೇ!"

"ಸ್ವಲ್ಪ ತಡೆಯಿರಿ," ಎಂದಳು ರಾಣಿ, ದನಿ ತಗ್ಗಿಸಿ. "ಪೂರ್ತಿ ಯಾಕೆ ಮುಗಿಸಬೇಕು? ಆ ಮೊದಲನೆಯದು, ನಲವತ್ತನಾಲ್ಕು ನಲವತ್ತಾಗುತ್ತದಲ್ಲ, ಅದೊಂದು ಇರಲಿ."

ಸಂಕಣ್ಣ ಸೊಂಟದವರೆಗೆ ಬಾಗಿದ. "ಧಾರಾಳವಾಗಿ ಇರಲಿ ತಾಯಿ. ಅದರಿಂದ ಯಾರ ಗಂಟಲೂ ಒಣಗುವುದಿಲ್ಲ."