ಬಾವಿಯ ಹಗ್ಗ ಮತ್ತು ಕಳಕಪ್ಪನ ನಿದ್ದೆ

ಕಳಕಪ್ಪನಿಗೆ ನಿದ್ದೆಯ ಮೇಲೆ ಭಾರೀ ಸಿಟ್ಟು.

ಗುಡ್ಡದ ಮಠಕ್ಕೆ ಶಿಷ್ಯನಾಗಿ ಬಂದ ಮೇಲೆ ಅವನು ಹಸಿವನ್ನು ಗೆದ್ದಿದ್ದ. ನಾಲಿಗೆಯ ಚಪಲವನ್ನೂ ಒಂದಿಷ್ಟು ಹದ್ದುಬಸ್ತಿಗೆ ತಂದಿದ್ದ. ನಿದ್ದೆಯೊಂದು ಮಾತ್ರ ಬಗ್ಗಿರಲಿಲ್ಲ. ಅದನ್ನೂ ಮಣಿಸಿಯೇ ತೀರುತ್ತೇನೆಂದು ರಾತ್ರಿಯೆಲ್ಲ ಜಪಕ್ಕೆ ಕೂರತೊಡಗಿದ. ಹಗಲಾದರೆ ಬಾವಿಯ ಕೆಲಸ.

ಮಠದ ಹಿಂದೆ ಹೊಸ ಬಾವಿ ತೋಡುತ್ತಿದ್ದರು. ತಳದಲ್ಲಿ ಯಂಕಪ್ಪನೆಂಬ ಬಾವಿ ತೋಡುವವನು ಅಗೆದು, ಕಲ್ಲುಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದ. ಮೇಲೆ ಕಳಕಪ್ಪ ರಾಟೆಯ ಹಗ್ಗ ಹಿಡಿದು ಬುಟ್ಟಿ ಎಳೆಯುತ್ತಿದ್ದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಬಂದ ಬುಟ್ಟಿಯನ್ನು ಬದಿಗೆ ಸುರಿದು, ಖಾಲಿ ಬುಟ್ಟಿಯನ್ನು ಮತ್ತೆ ಇಳಿಬಿಡುತ್ತಿದ್ದರು.

ಒಂದು ದಿನ ಮುಂಜಾನೆ ಯಂಕಪ್ಪ ಕೆಳಗಿನಿಂದ ಕೂಗಿದ.

"ಮಣ್ಣು ಹಸಿ ಬಂತ್ರೀ ಅಜ್ಜಾರ! ಇವತ್ತು ನೀರು ಕಾಣ್ತೈತಿ!"

ಕಳಕಪ್ಪನ ಎದೆ ಕುಣಿಯಿತು. ಈ ಬಾವಿಯ ಮೊದಲ ಬುಟ್ಟಿ ಎಳೆದವನು ಅವನು. ಮೊದಲ ಕೊಡ ನೀರನ್ನೂ ತಾನೇ ಎಳೆಯಬೇಕೆಂಬುದು ಅವನ ಆಸೆ. ಆ ಆಸೆಯನ್ನು ಮಾತ್ರ ಅವನು ಗೆಲ್ಲಲು ಹೋಗಿರಲಿಲ್ಲ.

ಬಿಸಿಲು ಏರಿತು. ತುಂಬಿದ ಬುಟ್ಟಿಯೊಂದು ಅರ್ಧದವರೆಗೆ ಬಂದಿತ್ತು. ಹಗ್ಗ ಸರ್ರನೆ ಜಾರಿತು.

ಕಳಕಪ್ಪ ಬೆಚ್ಚಿ ಬಿಗಿಹಿಡಿದ. ಬುಟ್ಟಿ ಜೋಲಿ ಹೊಡೆದು ನಿಂತಿತು. ಅದರಿಂದ ಒಂದು ಕಲ್ಲು ಉರುಳಿ ಕೆಳಗೆ ಬಿತ್ತು.

"ಯಪ್ಪಾ!" ಎಂದು ಯಂಕಪ್ಪ ಕಿರುಚಿದ.

"ಬಡೀತೇನೋ?" ಅಜ್ಜಾರು ಬಗ್ಗಿ ಕೇಳಿದರು.

"ಇಲ್ರೀ. ಕಿವಿ ಪಕ್ಕ ಹಾದು ಹೋತು."

ಬುಟ್ಟಿ ಮೇಲೆ ಬಂದ ಮೇಲೆ ಅಜ್ಜಾರು ಶಿಷ್ಯನ ಕಡೆ ತಿರುಗಿದರು.

"ನಿದ್ದಿ ಬಂತೇನೋ?"

"ಇಲ್ರೀ ಅಜ್ಜಾರ. ಕೈ ಬೆವತಿತ್ತು, ಹಗ್ಗ ಜಾರ್ತು."

"ಎಚ್ಚರ ಇದ್ದಿ?"

"ಪೂರಾ ಎಚ್ಚರ ಇದ್ದೆ. ಕಣ್ಣು ಸುದ್ದಾ ತೆಗದಿದ್ದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಪಾಪ, ಅವನಿಗೆ ಹಾಗೇ ಅನ್ನಿಸಿತ್ತು.

"ಹಂಗಾದ್ರ ನಾ ನಿನಗೇನು ಕೇಳಿದೆ?"

"ಯಾವಾಗ್ರೀ?"

"ಹಗ್ಗ ಜಾರೂಕಿಂತ ಮೊದ್ಲು. ನೀರು ಕುಡೀತೀಯೇನು ಅಂದೆ. ನೀ ಹೂಂ ಅಂದಿ."

ಕಳಕಪ್ಪ ಕೆಳಗೆ ನೋಡಿದ. ಅವನ ಕಾಲ ಬಳಿ ತಂಬಿಗೆಯಲ್ಲಿ ನೀರಿತ್ತು. ಅದನ್ನು ಯಾವಾಗ ತಂದಿಟ್ಟರೋ ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದೇ ತೂಕಡಿಸಿದ್ದೆನೆಂದು ಅವನಿಗೆ ಹೊಳೆಯಿತು.

ಆದರೆ ಹಟಮಾರಿ ಅಷ್ಟಕ್ಕೆ ಸುಮ್ಮನಾಗುತ್ತಾನೆಯೇ? ತಂಬಿಗೆಯ ನೀರನ್ನು ಮುಖಕ್ಕೆ ಎರಚಿಕೊಂಡ. ಅಡುಗೆಮನೆಗೆ ಓಡಿ ಹಸಿಮೆಣಸಿನಕಾಯಿ ಬಾಯಿಗೆ ಹಾಕಿಕೊಂಡು ಕಚಕಚನೆ ಅಗಿದ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಬಂದು ಹಗ್ಗಕ್ಕೆ ಕೈ ಹಾಕಿದ.

"ಬಿಡ್ರೀ ಅಜ್ಜಾರ. ಇವತ್ತು ಅದರ ಸೊಕ್ಕು ಮುರೀತೀನಿ."

"ಯಾರದು?"

"ನಿದ್ದೀದು."

"ಜಗಳ ನಿನಗೂ ನಿದ್ದಿಗೂ ಅಲ್ಲೇನು?"

"ಹೌದ್ರೀ. ನನಗೂ ಅದಕ್ಕೂ."

"ಮತ್ತ ನಡುವ ಯಂಕಪ್ಪನ ತಲಿ ಯಾಕಿಟ್ಟಿ?"

ಕಳಕಪ್ಪ ಬಾಯಲ್ಲಿದ್ದ ಮೆಣಸಿನಕಾಯಿಯನ್ನು ಗಟಕ್ಕನೆ ನುಂಗಿದ.

ಅಜ್ಜಾರು ಯಂಕಪ್ಪನನ್ನು ಊಟಕ್ಕೆ ಮೇಲೆ ಕರೆದರು. ಅವನು ಕೈಕಾಲು ತೊಳೆದು ರೊಟ್ಟಿ ಗಂಟು ಬಿಚ್ಚಿ ಕೂತ.

"ಕಳಕಪ್ಪಾ, ನೀ ಇಳಿ," ಎಂದರು ಅಜ್ಜಾರು. "ಒಂದು ಬುಟ್ಟಿ ತುಂಬು. ನಾ ಎಳೀತೀನಿ."

ಗುರುವಿನ ಮಾತು. ಕಳಕಪ್ಪ ಇಳಿದ, ಬುಟ್ಟಿ ತುಂಬಿದ, "ಎಳೀರಿ" ಎಂದ.

ಬುಟ್ಟಿ ನೆಲ ಬಿಟ್ಟಿತು. ತಲೆಯ ಮೇಲಕ್ಕೆ ಬಂತು, ಇನ್ನೂ ಏರಿತು. ಸಣ್ಣ ಹರಳುಗಳು ಹೆಗಲ ಮೇಲೆ ಉದುರಿದವು. ಬದಿಗೆ ಸರಿಯೋಣವೆಂದರೆ ಬೆನ್ನಿಗೆ ಬಂಡೆ. ಮೇಲಿನ ಇಷ್ಟಗಲ ಆಕಾಶವನ್ನೂ ಬುಟ್ಟಿಯೇ ಮುಚ್ಚಿಕೊಂಡಿತ್ತು.

ಅರ್ಧಕ್ಕೆ ಹೋಗಿ ಬುಟ್ಟಿ ನಿಂತಿತು.

ಕಳಕಪ್ಪ ಕಾದ. ಬುಟ್ಟಿ ಅಲುಗಲಿಲ್ಲ. ಅಜ್ಜಾರಿಗೆ ವಯಸ್ಸಾಗಿದೆ. ಮುಂಜಾನೆಯಿಂದ ಮಣ್ಣು ಸುರಿದಿದ್ದಾರೆ. ಬಿಸಿಲು ನೆತ್ತಿಗೆ ಬಂದಿದೆ. ಅವರ ಮುಖ ಇಲ್ಲಿಗೆ ಕಾಣುವುದಿಲ್ಲ. ಕಳಕಪ್ಪನಿಗೆ ಜೀವಭಯ ಹುಟ್ಟಿತು. ಇಷ್ಟು ರಾತ್ರಿ ಮಾಡಿದ ಜಪದ ಒಂದು ಅಕ್ಷರವೂ ನೆನಪಾಗಲಿಲ್ಲ.

"ಅಜ್ಜಾರ!" ಎಂದು ಕೂಗಿದ. "ರಾತ್ರಿ ನಿದ್ದಿ ಮಾಡೀರೇನ್ರೀ?"

"ಏನಂದಿ?"

"ರಾತ್ರಿ ನಿಮಗ ಛಲೋ ನಿದ್ದಿ ಆತೇನ್ರೀ?"

"ನಿದ್ದಿ ಸಾಧಕನ ವೈರಿ ಅಂತಿದ್ದ್ಯಲ್ಲೋ ನೀನು?"

"ಮೊದ್ಲು ಬುಟ್ಟಿ ಎಳೀರಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಅಂಜಬ್ಯಾಡೋ. ಗೊರಕಿ ಹೊಡದು ಮಲಗಿದ್ದೆ."

ಅಜ್ಜಾರ ಗೊರಕೆ ಕೇಳಿ ಕಳಕಪ್ಪ ಎಷ್ಟೋ ಸಲ ಮನಸ್ಸಿನಲ್ಲೇ ಮೂಗು ಮುರಿದಿದ್ದ. ಈಗ ಅದೇ ಗೊರಕೆಗೆ ಕೈಮುಗಿಯಬೇಕು ಅನ್ನಿಸಿತು. ಬುಟ್ಟಿ ಮೇಲೇರಿ ಬದಿಗೆ ಸರಿಯಿತು. ಆಕಾಶ ಕಂಡಿತು.

ಅವನು ಮೇಲೆ ಹತ್ತಿ ಬರುವಷ್ಟರಲ್ಲಿ ಯಂಕಪ್ಪ ಊಟ ಮುಗಿಸಿ, ಧೋತರ ಎತ್ತಿ ಕಟ್ಟಿ, ಇಳಿಯಲು ನಿಂತಿದ್ದ.

"ಹಿಡಿಯೋ ತಮ್ಮಾ ಹಗ್ಗ. ಇನ್ನ ಸ್ವಲ್ಪ ಅಗದ್ರ ನೀರು ಬಂತಂತ ತಿಳಕೋ."

ಕಳಕಪ್ಪ ಹಗ್ಗ ಹಿಡಿದ. ಬಾಯಿ ಇನ್ನೂ ಉರಿಯುತ್ತಿತ್ತು. ಕಣ್ಣು ಅಗಲವಾಗಿ ತೆರೆದಿತ್ತು. ನಿದ್ದೆಯ ಸುಳಿವೇ ಇರಲಿಲ್ಲ.

ಹಗ್ಗ ಜಾರುವ ಮುಂಚೆಯೂ ಹೀಗೇ ಅನ್ನಿಸಿತ್ತು.

ಅಜ್ಜಾರು ಬುಟ್ಟಿಯ ಹಿಡಿ ಗಟ್ಟಿ ಇದೆಯೇ ಎಂದು ನೋಡುತ್ತಿದ್ದರು.

"ಯಂಕಪ್ಪಣ್ಣಾ, ಇಳೀಬ್ಯಾಡ," ಎಂದ ಕಳಕಪ್ಪ.

"ಯಾಕೋ?"

"ನಾ ಹಿಡದ್ರ ಇಳೀಬ್ಯಾಡ. ಎಚ್ಚರ ಇದ್ದೀನಿ ಅಂತ ನನಗ ಅನಸ್ತೈತಿ. ಆದ್ರ ಅದನ್ನ ನಾ ನಂಬಂಗಿಲ್ಲ."

"ಇವತ್ತ ನೀರು ಬರತೈತೋ ಮಾರಾಯ! ಇಷ್ಟು ದಿನ ಎಳದವನು ನೀನು. ಕಡೀಕ ಬಿಡ್ತೀಯೇನು?"

"ಬಿಡ್ತೀನಿ."

ಕಳಕಪ್ಪ ಹಗ್ಗವನ್ನು ಗುರುವಿನ ಕೈಗೆ ಕೊಟ್ಟ. ಅವನ ಕಣ್ಣು ತುಂಬಿ ಬಂದಿತ್ತು. ಮೆಣಸಿನಕಾಯಿಯ ಖಾರ ಇನ್ನೂ ಇಳಿದಿಲ್ಲವೆಂದು ಯಂಕಪ್ಪ ತಿಳಿದುಕೊಂಡ.

"ಯಂಕಪ್ಪಾ, ಅರ್ಧ ಬುಟ್ಟಿನ ತುಂಬು," ಎಂದರು ಅಜ್ಜಾರು. "ಮುದುಕನ ಕೈ ಇದು."

ಕಳಕಪ್ಪ ಮರದ ನೆರಳಿಗೆ ಹೋಗಿ, ಹೆಗಲ ಮೇಲಿನ ವಸ್ತ್ರ ಹಾಸಿ ಮಲಗಿದ. ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು ಮಲಗಲು ಅವನಿಗೆ ನಾಚಿಕೆಯಾಯಿತು. ಆದರೂ ಏಳಲಿಲ್ಲ. ಬಾವಿಯೊಳಗಿಂದ ಗುದ್ದಲಿಯ ಸದ್ದು ಬರತೊಡಗಿತು. ರೆಪ್ಪೆ ಭಾರವಾಯಿತು. ಅಷ್ಟರಲ್ಲಿ ಆಸೆ ತಡೆಯದೆ ತಲೆ ಎತ್ತಿದ.

"ಅಜ್ಜಾರ, ನೀರು ಬಂದ್ರ ನನ್ನ ಎಬ್ಬಸ್ರಿ."

ಅಜ್ಜಾರು ಹಗ್ಗದ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ಎಬ್ಬಸಂಗಿಲ್ಲ. ಇವತ್ತು ಬಂದ ನೀರು ನಾಳಿನೂ ಇರತೈತಿ. ಯಂಕಪ್ಪನೂ ಇರಬೇಕಲ್ಲ."