ಹಂಪಣ್ಣನನ್ನು ಕರೆಸಿದ್ದು ಏಕೆ?

ಮಕ್ಕಳೇ, ಈ ಕತೆ ನಡೆದದ್ದು ದೊಡ್ಡ ದೊಡ್ಡ ಮರಗಳ ಕಾಡಿನಲ್ಲಲ್ಲ. ಜಾಲಿ, ಎಲಚಿ, ಕವಳೆ ಗಿಡಗಳು ಅಲ್ಲೊಂದು ಇಲ್ಲೊಂದು ನಿಂತಿರುವ ಕುರುಚಲು ಕಾಡಿನಲ್ಲಿ. ಅದರ ನಡುವೆ ಒಂದು ಕೊಳವಿತ್ತು, ಜಾಲಿಕುಂಟೆ ಎಂದು ಅದರ ಹೆಸರು. ಕೊಳದ ಪಕ್ಕದಲ್ಲೇ ಒಂದು ಬಯಲು. ಮಳೆಗಾಲ ಮುಗಿದು ಹುಲ್ಲು ಒಣಗಿ ನೆಲಕ್ಕೆ ಮಲಗಿತೆಂದರೆ ಆ ಬಯಲಿನಲ್ಲಿ ಫುಟ್‌ಬಾಲ್ ಶುರುವಾಗುತ್ತಿತ್ತು.

ಚೆಂಡನ್ನು ಗೀಜಗದ ಹಕ್ಕಿಗಳು ಹುಲ್ಲಿನಿಂದ ನೇಯ್ದು ಕೊಡುತ್ತಿದ್ದವು. ಬಯಲಿನ ಎರಡು ತುದಿಗಳಲ್ಲಿ ಎರಡೆರಡು ಹುತ್ತ. ಆ ಹುತ್ತಗಳ ನಡುವೆ ಚೆಂಡು ನುಗ್ಗಿತೆಂದರೆ ಗೋಲು. ತೀರ್ಪು ಹೇಳಲು ಒಂದು ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತಿರುತ್ತಿತ್ತು. ಕಾಡಿನ ಎಲ್ಲ ತಂಡಗಳಿಗೂ ಒಂದು ನಿಯಮವಿತ್ತು. ಯಾವ ತಂಡ ಸಾಲಾಗಿ ಎರಡು ಪಂದ್ಯ ಸೋಲುತ್ತದೋ ಆ ತಂಡ ಮುಂದಿನ ವರ್ಷ ಆಡುವಂತಿಲ್ಲ, ದಡದಲ್ಲಿ ಕೂತು ನೋಡಬೇಕು.

ಜಾಲಿಕುಂಟೆ ತಂಡದ ನಾಯಕ ಕೆಂಚಪ್ಪ ಎಂಬ ಮುಂಗುಸಿ. ಚುರುಕಾದ ಆಟಗಾರ, ಮನಸ್ಸೂ ಒಳ್ಳೆಯದೇ. ಆದರೆ ಅವನಿಗೆ ಒಂದು ಚಿಂತೆ ಹುಳದ ಹಾಗೆ ಕೊರೆಯುತ್ತಿತ್ತು. ಗುಡ್ಡದ ನರಿಗಳು ಆಡಿದರೆ ನೋಡಲು ಕಾಡಿಗೆ ಕಾಡೇ ಸೇರುತ್ತಿತ್ತು. ತನ್ನ ತಂಡ ಆಡಿದರೆ ನೋಡುವವರು ಎರಡು ಎಮ್ಮೆಗಳು ಮಾತ್ರ. ಅವೂ ನೀರು ಕುಡಿಯಲು ಬಂದಂಥವು!

"ನಾವು ಗೆದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಇದೂ ಒಂದು ಬಾಳೇ?" ಎಂದು ಕೆಂಚಪ್ಪ ಒಂದು ದಿನ ಗೊಣಗಿಕೊಂಡ.

ಅದು ಗೊರವಂಕ ಹಕ್ಕಿ ಸೋಮಕ್ಕನ ಕಿವಿಗೆ ಬಿತ್ತು. ಸೋಮಕ್ಕನ ಕಿವಿಗೆ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನದ ಹೊತ್ತಿಗೆ ಇಡೀ ಕಾಡಿನ ಬಾಯಲ್ಲಿ ಇರುತ್ತಿತ್ತು. ಅವಳು ಜಾಲಿ ಗಿಡದಿಂದ ಕೆಳಗಿನ ಕೊಂಬೆಗೆ ಇಳಿದು ಬಂದು ಹೇಳಿದಳು, "ಕೆಂಚಪ್ಪಾ, ಹಂಪಣ್ಣನನ್ನು ಕರೆಸು. ಆಮೇಲೆ ನೋಡು ಜನ ಹೇಗೆ ಸೇರುತ್ತದೆ!"

ಹಂಪಣ್ಣ ಯಾರೆಂದು ಗೊತ್ತೇ? ಅವನೊಬ್ಬ ಕೃಷ್ಣಮೃಗ. ಒಂದು ಕಾಲದಲ್ಲಿ ಮೂವರು ನರಿಗಳ ತಲೆಯ ಮೇಲಿಂದ ಜಿಗಿದು ಗೋಲು ಹೊಡೆದವನು. ಈಗ ಅವನಿಗೆ ವಯಸ್ಸಾಗಿತ್ತು. ಬೆನ್ನಿನ ಕಪ್ಪು ಮಾಸಿತ್ತು. ಎರಡು ವರ್ಷದಿಂದ ಯಾವ ತಂಡದಲ್ಲೂ ಆಡದೆ ದೂರದ ಹುಲ್ಲುಗಾವಲಿನಲ್ಲಿ ಮೇಯ್ದುಕೊಂಡಿದ್ದ.

ತಂಡದಲ್ಲಿ ಗೋಲು ಕಾಯುವವನು ಮಲ್ಲಯ್ಯ ಎಂಬ ಉಡ. ಹಿಡಿದರೆ ಬಿಡುವವನಲ್ಲ, ಚೆಂಡನ್ನಾಗಲಿ ಮಾತನ್ನಾಗಲಿ. ಅವನು ಕೇಳಿದ, "ಹಂಪಣ್ಣ ಈಗಲೂ ಓಡುತ್ತಾರಾ?"

"ಅವರು ಓಡಲಿ ಬಿಡಲಿ, ಅವರ ಹೆಸರು ಓಡುತ್ತದಲ್ಲ!" ಎಂದ ಕೆಂಚಪ್ಪ.

"ಹೆಸರು ಚೆಂಡು ಒದೆಯುತ್ತದಾ?"

"ನಿನಗೆ ತಿಳಿಯುವುದಿಲ್ಲ ಸುಮ್ಮನಿರು ಮಲ್ಲಯ್ಯ" ಎಂದು ಹೇಳಿ ಕೆಂಚಪ್ಪ ಹುಲ್ಲುಗಾವಲಿನ ದಾರಿ ಹಿಡಿದ. ತಲೆಯ ಮೇಲೆ ಸೋಮಕ್ಕನೂ ಹಾರುತ್ತಾ ಹೊರಟಳು.

ಹಂಪಣ್ಣ ಒಂದು ಬನ್ನಿ ಮರದ ನೆರಳಿನಲ್ಲಿ ಮೆಲುಕು ಹಾಕುತ್ತಾ ಮಲಗಿದ್ದ. ಕೆಂಚಪ್ಪ ನಮಸ್ಕಾರ ಮಾಡಿ ಬಂದ ವಿಷಯ ಹೇಳಿದ.

"ನನ್ನ ಆಟವನ್ನು ಇತ್ತೀಚೆಗೆ ನೋಡಿದ್ದೀಯಾ, ತಮ್ಮಾ?" ಎಂದು ಹಂಪಣ್ಣ ಕೇಳಿದ.

"ನೋಡಿಲ್ಲ. ಆದರೆ ಕೇಳಿದ್ದೇನೆ, ಬಹಳ ಕೇಳಿದ್ದೇನೆ!"

"ನಿಮ್ಮ ತಂಡದಲ್ಲಿ ನಾನು ಎಲ್ಲಿ ಆಡಬೇಕು?"

"ಎಲ್ಲರಿಗಿಂತ ಮುಂದೆ! ಎಲ್ಲರಿಗೂ ಕಾಣುವ ಹಾಗೆ!"

ಹಂಪಣ್ಣ ತನ್ನ ಬಲಗಾಲು ಚಾಚಿ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, "ನನ್ನ ಬಲ ಮಂಡಿ ಮೊದಲಿನ ಹಾಗಿಲ್ಲ. ಇಡೀ ಪಂದ್ಯ ಓಡಲು ಆಗುವುದಿಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಮಾತ್ರ ಈಗಲೂ ಎಲ್ಲರಿಗಿಂತ ಮೊದಲು ಕಾಣುತ್ತದೆ. ನನ್ನನ್ನು ನಡುವಿನಲ್ಲಿ ನಿಲ್ಲಿಸಿದರೆ..."

ಕೆಂಚಪ್ಪ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಮೇಲೆ ಸೋಮಕ್ಕ ಆಗಲೇ ಕೂಗಲು ಶುರುಮಾಡಿದ್ದಳು: "ಕೇಳಿರಣ್ಣಾ ಕೇಳಿ! ಹಂಪಣ್ಣ ಮತ್ತೆ ಬಯಲಿಗೆ! ಜಾಲಿಕುಂಟೆ ತಂಡಕ್ಕೆ ಹಂಪಣ್ಣ!" ಆ ಕೂಗಿಗೆ ಕೆಂಚಪ್ಪನ ಬಾಲ ತಾನಾಗಿ ನೆಟ್ಟಗಾಯಿತು.

ಹಂಪಣ್ಣನಿಗೆ ವಿಷಯ ಅರ್ಥವಾಗದೆ ಇರಲಿಲ್ಲ. ಆದರೂ ಒಣ ಹುಲ್ಲಿನ ಬಯಲು, ಓಡುವ ಕಾಲುಗಳ ಸದ್ದು, ಧೂಳು, ಎಲ್ಲ ನೆನಪಾಗಿ ಅವನ ಮನಸ್ಸು ತಡೆಯಲಿಲ್ಲ. ಎದ್ದು ಮೈಕೊಡವಿ, "ಆಗಲಿ, ಬರುತ್ತೇನೆ" ಎಂದುಬಿಟ್ಟ.

ಈಗ ಒಂದು ತೊಂದರೆ ಎದುರಾಯಿತು. ಒಂದು ತಂಡಕ್ಕೆ ಏಳೇ ಜನ. ಹಂಪಣ್ಣ ಮುಂದೆ ಆಡಬೇಕಾದರೆ ಮುಂದೆ ಆಡುತ್ತಿದ್ದ ಮೊಲ ನೀಲವ್ವ ಹೊರಗೆ ಕೂರಬೇಕು. ಕಳೆದ ವರ್ಷ ತಂಡ ಹೊಡೆದ ಗೋಲುಗಳಲ್ಲಿ ಹೆಚ್ಚಿನವು ಅವಳವೇ.

"ನಾನೇನು ತಪ್ಪು ಮಾಡಿದೆ, ಕೆಂಚಣ್ಣ?" ಎಂದು ಅವಳು ಕೇಳಿದಳು.

"ತಪ್ಪೇನೂ ಇಲ್ಲ, ನೀಲವ್ವ. ನಿನ್ನನ್ನು ನೋಡಲು ಯಾರೂ ಬರುವುದಿಲ್ಲ, ಅಷ್ಟೇ."

ನೀಲವ್ವನ ಕಿವಿಗಳೆರಡೂ ಜೋತುಬಿದ್ದವು. ಅವಳು ಹೋಗಿ ಎಲಚಿ ಗಿಡದ ಬುಡದಲ್ಲಿ ಕೂತಳು.

ಮೊದಲ ಪಂದ್ಯ ಗುಡ್ಡದ ನರಿಗಳ ಮೇಲೆ. ಅಬ್ಬಾ, ಆ ದಿನ ಸೇರಿದ ಜನವೋ! ನವಿಲುಗಳು ಬಂದವು, ಮುಸುವಗಳು ಮರಿಗಳನ್ನು ಹೊಟ್ಟೆಗೆ ಅಂಟಿಸಿಕೊಂಡು ಬಂದವು, ಆಮೆಗಳು ಹಿಂದಿನ ದಿನವೇ ಮನೆ ಬಿಟ್ಟು ಬಂದವು. ಕೂರಲು ಕೊಂಬೆ ಸಾಲದೆ ಗಿಳಿಗಳು ಎಮ್ಮೆಯ ಕೊಂಬಿನ ಮೇಲೆ ಕೂತವು. ಕೆಂಚಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಟ ಶುರುವಾಯಿತು. "ಹಂಪಣ್ಣಾ! ಹಂಪಣ್ಣಾ!" ಎಂದು ಸುತ್ತಲೂ ಒಂದೇ ಕೂಗು. ಆ ಕೂಗು ಕೇಳಿ ತಂಡದವರೆಲ್ಲ ಚೆಂಡು ಸಿಕ್ಕಾಗಲೆಲ್ಲ ಅವನ ಕಡೆಗೇ ಒದ್ದರು. ಮೊದಲ ಸಲ ಹಂಪಣ್ಣ ಒಬ್ಬ ನರಿಯ ಮೇಲಿಂದ ಹಾರಿ ಚೆಂಡು ಹಿಡಿದ. ಬಯಲೇ ಬಿರಿಯುವಂತೆ ಚಪ್ಪಾಳೆ ಬಿತ್ತು. ಆದರೆ ಇಳಿಯುವಾಗ ಅವನ ಬಲ ಮಂಡಿ ಚುರ್ ಎಂದಿತು.

ನರಿಗಳೇನು ದಡ್ಡರೇ? ಚೆಂಡು ಬರುವುದು ಒಬ್ಬನ ಹತ್ತಿರಕ್ಕೇ ಎಂದು ಕಂಡುಕೊಂಡ ಮೂವರು ನರಿಗಳು ಹಂಪಣ್ಣನ ಸುತ್ತ ಬೇಲಿ ಹಾಕಿದಂತೆ ನಿಂತರು. ಚೆಂಡು ಬಂದಾಗಲೆಲ್ಲ ಕಸಿದುಕೊಂಡರು. ಒಂದು ಗೋಲು ಆಯಿತು. ಎರಡಾಯಿತು. ಮೂರನೆಯದಂತೂ ಕೆಂಚಪ್ಪನ ಕಾಲುಗಳ ನಡುವೆಯೇ ನುಸುಳಿ ಹೋಯಿತು. ಆಗ ಅವನು ನವಿಲುಗಳ ಕಡೆಗೆ ಕೈಬೀಸುತ್ತಿದ್ದ!

ಮೂರು ಗೋಲಿನಿಂದ ಸೋಲು. ಮುಸುವಗಳು ಕಚ್ಚಿ ಬಿಟ್ಟ ಹಣ್ಣುಗಳನ್ನು ಎಸೆದು ನಕ್ಕವು. ಬಂದವರೆಲ್ಲ ಬೈದುಕೊಳ್ಳುತ್ತಾ ಹೋದರು.

ಮಾರನೆಯ ಬೆಳಿಗ್ಗೆ ಸೋಮಕ್ಕ ಕಾಡಿನ ತುಂಬ ಸಾರುತ್ತಿದ್ದಳು: "ಕೇಳಿರಣ್ಣಾ ಕೇಳಿ! ಮುದುಕನನ್ನು ಕರೆಸಿ ಮಾನ ಕಳೆದುಕೊಂಡ ಕೆಂಚಪ್ಪ!"

ಕೆಂಚಪ್ಪ ಸಿಟ್ಟಿನಿಂದ ಅವಳು ಕೂತಿದ್ದ ಮರದ ಬುಡಕ್ಕೆ ಓಡಿದ. "ಸೋಮಕ್ಕಾ, ಅವರನ್ನು ಕರೆಸು ಎಂದು ಹೇಳಿದವಳು ನೀನೇ ಅಲ್ಲವಾ?"

"ಹೌದು, ನಾನೇ" ಎಂದಳು ಸೋಮಕ್ಕ, ರೆಕ್ಕೆ ತೀಡಿಕೊಳ್ಳುತ್ತಾ. "ನಾನು ಹೇಳುವವಳು, ಕೆಂಚಪ್ಪ. ಆಡುವವಳಲ್ಲ. ಆಟ ಹೇಗಿರುತ್ತದೆ ಎಂದು ನೋಡಿಕೊಳ್ಳಬೇಕಾದವನು ನೀನು." ಹೀಗೆಂದು ಮುಂದಿನ ಮರಕ್ಕೆ ಹಾರಿದಳು.

ಕೆಂಚಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಇನ್ನೊಂದು ಪಂದ್ಯ ಸೋತರೆ ಮುಂದಿನ ವರ್ಷ ಆಟವೇ ಇಲ್ಲ. 'ಈ ಹಂಪಣ್ಣನನ್ನು ಇವತ್ತೇ ಕಳಿಸಿಬಿಡಬೇಕು. ಆಗಲಾದರೂ ಜನ ಬಾಯಿ ಮುಚ್ಚುತ್ತಾರೆ' ಎಂದುಕೊಂಡು ಬಯಲಿಗೆ ಹೋದ.

ಅಲ್ಲಿ ಹಂಪಣ್ಣ ಒಬ್ಬನೇ ಇರಲಿಲ್ಲ. ಜೊತೆಗೆ ನೀಲವ್ವ ಇದ್ದಳು. ಹಂಪಣ್ಣ ನಿಂತಲ್ಲೇ ನಿಂತು ಚೆಂಡು ಒದೆಯುತ್ತಿದ್ದ. ನೀಲವ್ವ ಓಡುತ್ತಿದ್ದಳು.

"ಚೆಂಡಿನ ಹಿಂದೆ ಓಡಬೇಡ, ತಂಗೀ. ಚೆಂಡು ಬರುವ ಜಾಗಕ್ಕೆ ಓಡು" ಎಂದು ಹಂಪಣ್ಣ ಹೇಳಿಕೊಡುತ್ತಿದ್ದ. "ನನ್ನ ಕಾಲು ನೋಡಬೇಡ. ಖಾಲಿ ಜಾಗ ನೋಡು. ಹಾಂ, ಈಗ!"

ಚೆಂಡು ಎಲ್ಲಿ ಬಿದ್ದಿತೋ ನೀಲವ್ವ ಸರಿಯಾಗಿ ಅಲ್ಲಿಗೆ ಬಂದಿದ್ದಳು. ಅವಳ ಕಿವಿಗಳು ಮತ್ತೆ ನೆಟ್ಟಗೆ ನಿಂತಿದ್ದವು.

ಕೆಂಚಪ್ಪನನ್ನು ಕಂಡು ಹಂಪಣ್ಣ ಆಟ ನಿಲ್ಲಿಸಿದ. "ನೀನು ಬಂದದ್ದು ಏಕೆಂದು ಗೊತ್ತಾಯಿತು. ಹೋಗುತ್ತೇನೆ. ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ, ನಿಜ ಹೇಳು. ನನ್ನನ್ನು ಕರೆಸಿದ್ದು ಆಟಕ್ಕೋ, ಹೆಸರಿಗೋ?"

ಕೆಂಚಪ್ಪ ನೆಲ ನೋಡಿದ. ಆಕಾಶ ನೋಡಿದ. ಕೊನೆಗೆ, "ಹೆಸರಿಗೆ" ಎಂದ.

"ಗೊತ್ತಿತ್ತು. ಗೊತ್ತಿದ್ದೂ ಬಂದೆ, ಅದು ನನ್ನ ತಪ್ಪು. ಆಡುವ ಆಸೆ ಇನ್ನೂ ಸತ್ತಿರಲಿಲ್ಲ ನೋಡು. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹೆಸರಿದೆ ಎಂದು ಕರೆದೆ. ಹೆಸರು ಕೆಟ್ಟಿತೆಂದು ಕಳಿಸುತ್ತಿದ್ದೀಯ. ಎರಡು ಸಲವೂ ನೀನು ನನ್ನ ಆಟ ನೋಡಲೇ ಇಲ್ಲ."

ಕೆಂಚಪ್ಪನ ಎದೆಗೆ ಆ ಮಾತು ನೇರವಾಗಿ ನಾಟಿತು. ಅವನು ಕಾಲಿನಿಂದ ಚೆಂಡನ್ನು ಹಂಪಣ್ಣನ ಕಡೆಗೆ ತಳ್ಳಿ ಹೇಳಿದ, "ಹಾಗಾದರೆ ಈಗ ನೋಡುತ್ತೇನೆ. ಆಡೋಣ ಬನ್ನಿ."

ಬಿಸಿಲೇರುವವರೆಗೂ ಮೂವರೂ ಆಡಿದರು. ಕೆಂಚಪ್ಪ ಮೊದಲ ಸಲ ಕಣ್ಣಿಟ್ಟು ನೋಡಿದ. ಹಂಪಣ್ಣನಿಗೆ ದೂರ ಓಡಲು ಆಗುವುದಿಲ್ಲ, ಅದು ನಿಜ. ಹಾರಿದರೆ ಮಂಡಿ ನೋಯುತ್ತದೆ, ಅದೂ ನಿಜ. ಆದರೆ ನಿಂತಲ್ಲಿಂದ ಅವನು ಒದ್ದ ಒಂದು ಚೆಂಡೂ ದಾರಿ ತಪ್ಪಲಿಲ್ಲ. ಎದುರಾಳಿ ಯಾವ ಕಡೆ ತಿರುಗುತ್ತಾನೆ ಎಂಬುದು ಅವನು ತಿರುಗುವ ಮೊದಲೇ ಹಂಪಣ್ಣನಿಗೆ ತಿಳಿಯುತ್ತಿತ್ತು.

"ಮೊದಲರ್ಧ ಹೊರಗೆ ಕೂತು ನೋಡಿ. ಎರಡನೆಯ ಅರ್ಧಕ್ಕೆ ಬಂದು ನಡುವಿನಲ್ಲಿ ನಿಲ್ಲಿ. ಓಡಬೇಡಿ. ಮುಂದೆ ನೀಲವ್ವ ಇರುತ್ತಾಳೆ. ಆಗಬಹುದಾ?" ಎಂದ ಕೆಂಚಪ್ಪ.

"ಇದನ್ನೇ ಅಲ್ಲವೇ ನಾನು ಆ ದಿನ ಬನ್ನಿ ಮರದ ಕೆಳಗೆ ಹೇಳಲು ಹೊರಟದ್ದು!" ಎಂದು ಹಂಪಣ್ಣ ಜೋರಾಗಿ ನಕ್ಕ.

ಎರಡನೆಯ ಪಂದ್ಯ ಹಳ್ಳದ ಕಾಡುಹಂದಿಗಳ ಮೇಲೆ. ಸೋತವರನ್ನು ನೋಡಲು ಯಾರು ಬರುತ್ತಾರೆ? ದಡದಲ್ಲಿ ನಾಲ್ಕು ಗೌಜಲ ಹಕ್ಕಿಗಳು ಮಾತ್ರ ಕಾಳು ಹೆಕ್ಕುತ್ತಿದ್ದವು.

ಹಂದಿಗಳು ಗುಡುಗಿನ ಹಾಗೆ ನುಗ್ಗಿ ಬಂದವು. ಮೊದಲರ್ಧದಲ್ಲೇ ಒಂದು ಗೋಲು ಹೊಡೆದವು. ಮಲ್ಲಯ್ಯ ಇನ್ನೆರಡು ಚೆಂಡುಗಳನ್ನು ಹುತ್ತಕ್ಕೆ ಉಗುರು ಊರಿ ತಡೆಯದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಆಟದ ನಡುವೆ ಓಡುತ್ತಾ ಓಡುತ್ತಾ ಕೆಂಚಪ್ಪ ಹೇಳಿದ, "ನೀಲವ್ವ, ಆ ದಿನ ನಾನು ಹಾಗೆ ಅನ್ನಬಾರದಾಗಿತ್ತು. ತಪ್ಪಾಯಿತು."

"ತಪ್ಪನ್ನು ಆಮೇಲೆ ಒಪ್ಪಿಕೋ ಕೆಂಚಣ್ಣ, ಈಗ ಚೆಂಡು ಬರುತ್ತಿದೆ!" ಎಂದು ಅವಳು ಕಿರುಚಿದಳು.

ಎರಡನೆಯ ಅರ್ಧಕ್ಕೆ ದಣಿದ ಒಬ್ಬನ ಬದಲಿಗೆ ಹಂಪಣ್ಣ ಬಂದ. ಬಯಲಿನ ನಡುವೆ ನಿಂತು ಒಮ್ಮೆ ಸುತ್ತ ನೋಡಿದ. ಚೆಂಡು ಅವನ ಬಳಿಗೆ ಉರುಳಿತು. ಅವನು ಯಾರೂ ಇಲ್ಲದ ಜಾಗಕ್ಕೆ ಅದನ್ನು ಒದ್ದ. ಹಂದಿಗಳು, "ಮುದುಕನ ಗುರಿ ತಪ್ಪಿತು!" ಎಂದು ನಗಲು ಬಾಯಿ ತೆರೆದವು. ಬಾಯಿ ಮುಚ್ಚುವಷ್ಟರಲ್ಲಿ ನೀಲವ್ವ ಆ ಜಾಗದಲ್ಲಿದ್ದಳು, ಚೆಂಡು ಹುತ್ತಗಳ ನಡುವೆ ಇತ್ತು.

ಗೋಲು! ಒಂದಕ್ಕೆ ಒಂದು.

ಈಗ ಹಂದಿಗಳಿಗೆ ಭಯವಾಯಿತು. "ಇವನು ಆ ಹಳೆಯ ಹಂಪಣ್ಣನೇ! ಬಿಡಬೇಡಿ, ಹಿಡಿಯಿರಿ!" ಎಂದು ಮೂರು ಹಂದಿಗಳು ಅವನನ್ನು ಸುತ್ತಿಕೊಂಡವು. ಹಂಪಣ್ಣ ಮೆಲ್ಲಗೆ ಬಯಲಿನ ಅಂಚಿನ ಕಡೆಗೆ ನಡೆದ. ಮೂರು ಹಂದಿಗಳೂ ಅವನ ಹಿಂದೆಯೇ ನಡೆದವು. ಅವನು ಅಂಚಿಗೆ ಹೋಗಿ ಕೊಂಬಿನಿಂದ ಬೆನ್ನು ತುರಿಸಿಕೊಳ್ಳುತ್ತಾ ನಿಂತ. ಅವೂ ಅಲ್ಲೇ ನಿಂತವು.

ಬಯಲಿನ ನಡುವೆ ಜಾಗವೋ ಜಾಗ! ಕೆಂಚಪ್ಪ ಚೆಂಡು ತೆಗೆದುಕೊಂಡು ಓಡಿದ. ಯಾರು ನೋಡುತ್ತಿದ್ದಾರೆ, ಯಾರು ಇಲ್ಲ ಎಂಬುದು ಅವನ ನೆನಪಿಗೇ ಬರಲಿಲ್ಲ. ಎದುರಿನ ಹಂದಿ ಅಡ್ಡ ಬಂದಾಗ ಚೆಂಡನ್ನು ನೀಲವ್ವನಿಗೆ ಕೊಟ್ಟ. ನೀಲವ್ವ ತಿರುಗಿ ಒದ್ದಳು. ಎರಡನೆಯ ಗೋಲು!

ಕೊಕ್ಕರೆ ತನ್ನ ಇನ್ನೊಂದು ಕಾಲನ್ನೂ ಕೆಳಗಿಟ್ಟು ಆಟ ಮುಗಿಯಿತೆಂದು ಸಾರಿತು. ಜಾಲಿಕುಂಟೆ ತಂಡ ಗೆದ್ದಿತ್ತು. ಮುಂದಿನ ವರ್ಷದ ಆಟ ಉಳಿಯಿತು. ಮಲ್ಲಯ್ಯ ಸಂತೋಷದಿಂದ ಚೆಂಡನ್ನು ಅಪ್ಪಿಕೊಂಡವನು ಬಿಡಲೇ ಇಲ್ಲ. ಗೀಜಗಗಳು ಬೇರೆ ಚೆಂಡು ನೇಯಬೇಕಾಯಿತು.

ಸಂಜೆ ಹಂಪಣ್ಣ ಕೊಳದ ದಡದಲ್ಲಿ ಕಾಲು ಚಾಚಿ ಮಲಗಿದ್ದ. ಕೆಂಚಪ್ಪ ತಣ್ಣನೆಯ ಕೆಸರು ತಂದು ಅವನ ಮಂಡಿಗೆ ಮೆತ್ತಿದ. ನೀಲವ್ವ ಎಳೆ ಗರಿಕೆ ಹುಲ್ಲು ಕಿತ್ತು ತಂದು ಮುಂದಿಟ್ಟಳು.

"ಮುಂದಿನ ವರ್ಷವೂ ನಮ್ಮ ಜೊತೆ ಇರುತ್ತೀರಾ?" ಎಂದು ಕೆಂಚಪ್ಪ ಕೇಳಿದ.

"ಆಡಲು ಆಗುವುದಿಲ್ಲ ತಮ್ಮಾ, ಈ ಮಂಡಿ ಒಪ್ಪುವುದಿಲ್ಲ. ಬೇಕಾದರೆ ಕಲಿಸಿಕೊಂಡು ಇರುತ್ತೇನೆ. ಆದರೆ ಕಲಿಸುವವನನ್ನು ನೋಡಲು ಕಾಡಿನಲ್ಲಿ ಯಾರೂ ಬರುವುದಿಲ್ಲ, ನೆನಪಿರಲಿ."

"ಬರದಿದ್ದರೆ ಬೇಡ. ನೀವು ಇರಿ" ಎಂದ ಕೆಂಚಪ್ಪ.

ಹಂಪಣ್ಣ ಗರಿಕೆಗೆ ಬಾಯಿ ಹಾಕಿದ. ಕೊಳದ ಮೇಲಿಂದ ತಂಪು ಗಾಳಿ ಬೀಸುತ್ತಿತ್ತು. ನೀಲವ್ವನ ಕಡೆಗೆ ತಿರುಗಿ ಅವನು ಹೇಳಿದ, "ನಾಳೆ ಬೆಳಿಗ್ಗೆ ಬೇಗ ಬಾ ತಂಗೀ. ನಿನ್ನ ಎಡಗಾಲಿನ ಒದೆತ ಇನ್ನೂ ಸ್ವಲ್ಪ ಸೋಮಾರಿ."

ನೀತಿ: ಹೆಸರು ಕೇಳಿ ಕರೆಯಬೇಡ, ಹೆಸರು ಕೆಟ್ಟಿತೆಂದು ಕಳಿಸಲೂ ಬೇಡ, ಕೆಲಸವನ್ನು ಕಣ್ಣಾರೆ ನೋಡಿ, ಅವರವರಿಗೆ ತಕ್ಕ ಜಾಗ ಕೊಡು.