ಅಳದ ಕೂಸೂ ಮುಖ ನೋಡದ ಮಂತ್ರಿಯೂ

ಹತ್ತಿರ ಬನ್ನಿ ಮಕ್ಕಳೇ, ಜೋರಾಗಿ ಹೇಳೋಕೆ ನನಗೂ ತ್ರಾಣವಿಲ್ಲ. ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಹೆರಿಗೆಯಲ್ಲಿ ರಾಣಿ ತೀರಿಕೊಂಡಳು, ಕೂಸು ಉಳಿಯಿತು. ದುಃಖದಲ್ಲಿ ರಾಜ ಕೂಸಿನ ಕಡೆ ತಲೆ ಹಾಕಲಿಲ್ಲ.

ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಮಂತ್ರಿ ಒಂದು ಪದ್ಧತಿ ತಂದ. "ಒಂದೇ ಮಡಿಲು ಹಚ್ಚಿಕೊಂಡ ಮಗು ಪುಕ್ಕಲಾಗುತ್ತೆ ಪ್ರಭು. ಅಮಾವಾಸ್ಯೆಗೊಮ್ಮೆ ದಾದಿ ಬದಲಾಗಲಿ." ರಾಜ ಹೂಂ ಅಂದ. ದಾದಿಯರು ಬಂದರು, ಹೋದರು. ಮಗು ಮೊದಮೊದಲು ಹೋದವರಿಗಾಗಿ ಅತ್ತಿತು. ಹೆಜ್ಜೆ ಇಡುವ ಹೊತ್ತಿಗೆ ಬಿದ್ದರೂ ಅಳದು, ಹಸಿದರೂ ಅಳದು. "ನೋಡಿ, ಎಷ್ಟು ಗಟ್ಟಿ" ಅಂದ ಮಂತ್ರಿ.

ಆಗ ಬಂದವಳು ದೇವೀರಮ್ಮ. ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿ ಸೊಂಟ ಸೋತವಳು. ಮಗುವನ್ನು ಕಂಡಕೂಡಲೇ ಅವಳಿಗೆ ತಿಳಿಯಿತು. ಇದು ಗಟ್ಟಿಯಲ್ಲ, ಕರೆದರೆ ಯಾರೂ ಬರೋದಿಲ್ಲ ಅಂತ ಸುಮ್ಮನಾದ ಕೂಸು. ಹೀಗೇ ಬಿಟ್ಟರೆ ಮಾತೂ ಬಾರದು, ನಗುವೂ ಬಾರದು, ಮುಂದೆ ಆಳೋಕೂ ಬಾರದು; ಮಂತ್ರಿಗೆ ಬೇಕಾದದ್ದೂ ಅದೇ.

ಅಮಾವಾಸ್ಯೆ ಬಂತು. ದೇವೀರಮ್ಮ ಮುಂಬಾಗಿಲಿಂದ ಹೋದಳು, ಸೀರೆ ಬದಲಿಸಿ ಹೊನ್ನಮ್ಮ ಎಂದು ಹಿತ್ತಿಲ ಬಾಗಿಲಿಂದ ಬಂದಳು. ಮಂತ್ರಿಗೆ ತಿಳಿಯಲಿಲ್ಲ. ಆಳುಗಳ ಮುಖ ನೋಡುವ ಅಭ್ಯಾಸ ಆ ಪುಣ್ಯಾತ್ಮನಿಗೆ ಇರಲಿಲ್ಲ. ಮುಂದಿನ ಅಮಾವಾಸ್ಯೆಗೆ ಚಿಕ್ಕತಾಯಿಯಾಗಿ ಬಂದಳು. ಹೆಸರು ಮೂರು, ಮಡಿಲು ಒಂದೇ. ಎಷ್ಟೇ ದಣಿದಿರಲಿ, ಮಗು ಮಿಸುಕಿದರೆ "ಇಲ್ಲೇ ಇವ್ನಿ ಮಗಾ" ಅನ್ನುತ್ತಿದ್ದಳು. ಒಂದು ದಿನ ಅವಳು ನೀರಿಗೆ ಹೋದಾಗ ಮಗು ಗೊಳೋ ಎಂದು ಅತ್ತಿತು. ಕೇಳಿ ದೇವೀರಮ್ಮನೂ ಸಂತೋಷಕ್ಕೆ ಅತ್ತಳು.

ಮಂತ್ರಿ ಓಡಿಹೋಗಿ ರಾಜನಿಗೆ ಚಾಡಿ ಹೇಳಿದ. "ಮಗು ಪುಕ್ಕಲಾಯ್ತು ಪ್ರಭು. ಬೇಕಾದರೆ ಪರೀಕ್ಷೆ ಮಾಡಿ." ತುಂಬಿದ ಸಭೆಯಲ್ಲಿ ನಗಾರಿ ಬಾರಿಸಿದರು. ಮಗು ಬೆದರಿ ಓಡಿ ದೇವೀರಮ್ಮನ ಸೆರಗಲ್ಲಿ ಮುಖ ಹುದುಗಿಸಿತು. ಮಂತ್ರಿ ನಕ್ಕ. ಅವಳು ಸುಮ್ಮನೆ ಬೆನ್ನು ಸವರಿದಳು. ಸ್ವಲ್ಪ ಹೊತ್ತಿಗೆ ಮಗು ಇಣುಕಿತು, ಅವಳ ಮುಖ ನೋಡಿತು, ಮೆಲ್ಲಗೆ ಹೋಗಿ ನಗಾರಿಯನ್ನು ತಾನೇ ಪಟಪಟ ಬಡಿದು ನಕ್ಕಿತು.

"ಯಾರೀಕೆ?" ರಾಜ ಕೇಳಿದ.

"ಮೊನ್ನೆ ಬಂದ ಚಿಕ್ಕತಾಯಿ" ಅಂದ ಮಂತ್ರಿ.

"ಅಲ್ಲ ಬುದ್ಧಿ. ಮೂರು ಸಲವೂ ಬಂದೋಳು ನಾನೇ. ಇವರು ನನ್ನ ಮುಖ ನೋಡಲಿಲ್ಲ, ಕೂಸು ನೋಡ್ತು."

ಸಭೆ ಗೊಳ್ಳೆಂದು ನಕ್ಕಿತು. "ಎದುರಿಗಿದ್ದವಳ ಗುರುತೇ ಸಿಗದವನು ನನ್ನ ಮಗುವಿನ ಮನಸ್ಸು ಬಲ್ಲೆ ಅಂದೆಯಲ್ಲ" ಎಂದು ರಾಜ ಮಂತ್ರಿಯನ್ನು ಗಡಿ ದಾಟಿಸಿದ. ಆಮೇಲೆ ಮಗುವಿಗೆ ಕೈ ಚಾಚಿದ. ಮಗು ಬರಲಿಲ್ಲ.

"ಇವತ್ತೇ ಬರಾಕಿಲ್ಲ ಬುದ್ಧಿ. ದಿನಾ ಬಂದು ಕೂತ್ಕಳಿ. ನನಗೂ ಸಾಕಾಗೈತೆ."

ಮಕ್ಕಳೇ, ಓಡಿ ಬರಲು ಒಂದು ಮಡಿಲಿದ್ದ ಮಗುವೇ ಧೈರ್ಯವಾಗಿ ದೂರ ಹೋದೀತು. ಅಷ್ಟು ತಿಳಿದ ರಾಜ ಕಿರೀಟ ತೆಗೆದಿಟ್ಟು, ದೇವೀರಮ್ಮನ ಪಕ್ಕ ನೆಲದ ಮೇಲೆ ಕಾಯುತ್ತ ಕೂತ.